ಕಾಣದ ಬೆಳಕನ್ನು ಕೊಳ್ಳುವ ಮುನ್ನ

ಅಡಿಕೆ ತೋಟದ ಅಂಚಿನಲ್ಲಿ ಮನೆ ಇರುವ ಮಲೆನಾಡಿನವರಿಗೆ ರಾತ್ರಿ ಮೊದಲು ತಿಳಿಯುವುದು ಕಿವಿಗೆ. ಒಣ ಸೋಗೆಯ ಮೇಲೆ ಬಿದ್ದ ಹೆಜ್ಜೆಯ ಸದ್ದು, ಅಗಳದ ಆಚೆಯ ಗುಟುರು, ನಾಯಿಯ ಬೊಗಳುವಿಕೆಯಲ್ಲಾದ ಬದಲಾವಣೆ, ಇಷ್ಟರಿಂದಲೇ ಬಂದದ್ದು ಹಂದಿಯೋ, ಕಾಡುಕೋಣವೋ, ಎಳೆ ಸಸಿ ಕಡಿಯುವ ಮುಳ್ಳುಹಂದಿಯೋ ಎಂದು ಅಂದಾಜು ಮಾಡುವುದು ನಮ್ಮಲ್ಲಿ ರೂಢಿ. ಬ್ಯಾಟರಿ ಬಿಟ್ಟ ಕೂಡಲೇ ಬಂದದ್ದು ಓಡುತ್ತದೆ. ಅದು ಏನೆಂಬುದು ಬೆಳಗ್ಗೆ ಕೆಸರಿನ ಹೆಜ್ಜೆ ನೋಡಿ ಗೊತ್ತಾಗಬೇಕು. ಆದ್ದರಿಂದಲೇ ಈಚೆಗೆ ನೈಟ್ ವಿಷನ್ ದುರ್ಬೀನು ಕೊಳ್ಳುವ ಕೃಷಿಕರೂ, ಇರುಳಿನ ಜೀವಿಗಳನ್ನು ನೋಡುವ ಹವ್ಯಾಸಿಗಳೂ ಊರೂರಲ್ಲಿ ಸಿಗುತ್ತಾರೆ. ದುರ್ಬೀನಿನ ಬೆನ್ನಿಗೇ ಬರುವ ಪ್ರಶ್ನೆ ಅದರ ಜೊತೆಗೆ ಬೇಕಾಗುವ ದೀಪದ್ದು. ಅವಗೆಂಪು (ಇನ್‌ಫ್ರಾರೆಡ್) ಎಲ್‌ಇಡಿ ದೀಪ ಸಾಕೇ, ಲೇಸರ್ ದೀಪ ಬೇಕೇ, ಜಾಲತಾಣದ ಅಂಗಡಿಗಳಲ್ಲಿ ಕಾಣುವ ಲೇಸರ್ ಗುರಿಸೂಚಕ ಎಂಬುದು ಏನು, ಅದರಿಂದ ನಮಗೇನಾದರೂ ಉಪಯೋಗವಿದೆಯೇ?

ಈ ಪ್ರಶ್ನೆಗೆ ಡಬ್ಬಿಯ ಮೇಲಿನ 'ಇಷ್ಟು ನೂರು ಮೀಟರ್' ಎಂಬ ಅಂಕಿಯಲ್ಲಿ ಉತ್ತರ ಹುಡುಕುವವರೇ ಹೆಚ್ಚು. ನಾನೂ ಮೊದಲು ಹಾಗೆಯೇ ಹುಡುಕಿ ದುಡ್ಡು ಕಳೆದುಕೊಂಡವನು. ಕಾಣದ ಬೆಳಕಿನ ದೀಪವನ್ನು ಒಂಟಿಯಾಗಿ ಆರಿಸಲು ಬರುವುದಿಲ್ಲ. ಆ ಬೆಳಕನ್ನು ಯಾವ ಸಾಧನದಿಂದ ನೋಡುತ್ತೇವೆ, ನಡುವೆ ಎಂತಹ ಗಾಳಿ ಮತ್ತು ಎಲೆಗಳಿವೆ, ಎದುರಿಗೆ ಯಾರ ಕಣ್ಣು ಇರಬಹುದು ಎಂಬ ಮೂರು ಸಂಗತಿಗಳು ಇತ್ಯರ್ಥವಾದ ಮೇಲೆ ದೀಪದ ಆಯ್ಕೆ ಬಹುಪಾಲು ತಾನಾಗಿಯೇ ಮುಗಿದಿರುತ್ತದೆ.

ಅವಗೆಂಪು ಎಂಬ ಹೆಸರಿನಲ್ಲೇ ಒಂದು ಗೊಂದಲವಿದೆ. ವಿಲಿಯಂ ಹರ್ಷೆಲ್ 1800ರಲ್ಲಿ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ, ಕೆಂಪಿನ ಆಚೆ ಬಣ್ಣವೇ ಇಲ್ಲದ ಜಾಗದಲ್ಲಿ ಉಷ್ಣಮಾಪಕ ಇಟ್ಟಾಗ ಪಾದರಸ ಏರಿತು. ಆ ಕಾಣದ ಭಾಗಕ್ಕೆ ಬಂದ ಹೆಸರು ಅದು. ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ಅಲೆಯುದ್ದದ ಬೆಳಕನ್ನು ಕಾಣುತ್ತದೆ. ನೈಟ್ ವಿಷನ್ ದೀಪಗಳು ಕೆಲಸ ಮಾಡುವುದು ಅದಕ್ಕೆ ಅಂಟಿಕೊಂಡಿರುವ 800ರಿಂದ 950 ನ್ಯಾನೊಮೀಟರಿನ ಆಸುಪಾಸಿನಲ್ಲಿ. ಇದು ಕೆಂಪಿನ ನೆರೆಮನೆಯ ಬೆಳಕು, ಗುಣದಲ್ಲಿಯೂ ಬೆಳಕಿನಂತೆಯೇ ನಡೆದುಕೊಳ್ಳುತ್ತದೆ. ಆದರೆ ಪ್ರಾಣಿಯ ಮೈಶಾಖ ಹೊರಸೂಸುವ ಅವಗೆಂಪು ಇದಕ್ಕಿಂತ ಹತ್ತು ಪಟ್ಟು ಉದ್ದದ್ದು, 8,000ದಿಂದ 14,000 ನ್ಯಾನೊಮೀಟರ್ ವ್ಯಾಪ್ತಿಯದು. ಥರ್ಮಲ್ ಕ್ಯಾಮೆರಾ ನೋಡುವುದು ಇದನ್ನು ಮಾತ್ರ. ಆಗುಂಬೆಯ ಕಾಡಿನ ಗುಳಿಮಂಡಲ ಹಾವು ಕಣ್ಣು ಮತ್ತು ಮೂಗಿನ ನಡುವಿನ ಗುಳಿಯಿಂದ ಇಲಿಯ ಇರವನ್ನು ಅರಿಯುವುದೂ ಈ ಶಾಖದಿಂದಲೇ. ಥರ್ಮಲ್ ಕ್ಯಾಮೆರಾ ಕೊಂಡವರು ಅದರ ಜೊತೆಗೆ ಅವಗೆಂಪು ದೀಪವನ್ನೋ ಲೇಸರನ್ನೋ ಕೊಂಡರೆ ಅದು ಪೂರ್ತಿ ದಂಡ. ಆ ಕ್ಯಾಮೆರಾಗೆ ದೀಪದ ಬೆಳಕು ಕಾಣುವುದೇ ಇಲ್ಲ, ಹೆಚ್ಚೆಂದರೆ ಬಿಸಿಯಾದ ದೀಪದ ಒಡಲು ಕಾಣಬಹುದು.

ಉಳಿದ ಎರಡು ಬಗೆಯ ಸಾಧನಗಳಿಗೆ ದೀಪದ ನೆರವು ಬೇಕು. ಒಂದು ಡಿಜಿಟಲ್ ಬಗೆ. ಮೊಬೈಲ್ ಕ್ಯಾಮೆರಾದಲ್ಲಿರುವಂತಹ ಸಿಲಿಕಾನ್ ಸೆನ್ಸರ್ ಬೆಳಕನ್ನು ಹಿಡಿದು ಒಳಗಿನ ಪುಟ್ಟ ಪರದೆಯ ಮೇಲೆ ತೋರಿಸುತ್ತದೆ. ಇನ್ನೊಂದು ಇಮೇಜ್ ಇಂಟೆನ್ಸಿಫೈಯರ್ ಕೊಳವೆಯ ಬಗೆ. ನಕ್ಷತ್ರದ ಬೆಳಕಿನ ಕಣಗಳು ಕೊಳವೆಯ ಮುಂಬದಿಯ ತೆಳು ಪದರಕ್ಕೆ ಬಡಿದು ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತವೆ, ಅವು ಸಾವಿರಾರು ಪಟ್ಟಾಗಿ ಹಿಂಬದಿಯ ಹೊಳೆಯುವ ಫಾಸ್ಫರ್ ತೆರೆಗೆ ಬಿದ್ದು ಹಸಿರು ಅಥವಾ ಬಿಳಿ ಚಿತ್ರವಾಗುತ್ತವೆ. ಮೂರನೇ ತಲೆಮಾರಿನ ಕೊಳವೆಗಳಲ್ಲಿ ಆ ಪದರ ಗ್ಯಾಲಿಯಂ ಆರ್ಸೆನೈಡಿನದು. ಅಮೆರಿಕದಲ್ಲಿ ತಯಾರಾಗುವ ಇಂತಹ ಕೊಳವೆಗಳ ರಫ್ತಿಗೆ ಅಲ್ಲಿನ ಸರ್ಕಾರದ ಬಿಗಿ ನಿಯಮಗಳಿರುವುದರಿಂದ ಸಾಮಾನ್ಯ ಕೊಳ್ಳುಗರ ಕೈಗೆ ಸಿಗುವುದು ಬಹುತೇಕ ಡಿಜಿಟಲ್ ಸಾಧನವೇ.

ಇಲ್ಲಿಂದ ಅಲೆಯುದ್ದದ ಲೆಕ್ಕ ಶುರುವಾಗುತ್ತದೆ. ಮಾರುಕಟ್ಟೆಯ ದೀಪಗಳು ಹೆಚ್ಚಾಗಿ 850 ಮತ್ತು 940 ನ್ಯಾನೊಮೀಟರ್ ಎಂಬ ಎರಡು ಅಂಕಿಗಳಲ್ಲಿ ಬರುತ್ತವೆ. 850ರ ಎಲ್‌ಇಡಿಯನ್ನು ಕತ್ತಲಲ್ಲಿ ನೇರ ನೋಡಿದರೆ ಆರಿ ಹೋಗುತ್ತಿರುವ ಕೆಂಡದಂತೆ ಮಂಕಾದ ಕೆಂಪು ಕಾಣಿಸುತ್ತದೆ. 940ರದು ಏನೂ ಕಾಣಿಸುವುದಿಲ್ಲ. ಕಾಣದಿರುವುದೇ ಒಳ್ಳೆಯದಲ್ಲವೇ ಎಂದು 940 ತರುವವರು ಇನ್ನೊಂದು ಬದಿಯನ್ನೂ ನೋಡಬೇಕು. ಸಿಲಿಕಾನ್ ಸೆನ್ಸರಿನ ಸಂವೇದನೆ ಸುಮಾರು 1,100 ನ್ಯಾನೊಮೀಟರಿನವರೆಗೂ ಇದ್ದರೂ ಅದು 850ರ ನಂತರ ಇಳಿಮುಖವಾಗುತ್ತ ಹೋಗುತ್ತದೆ. ಹಾಗಾಗಿ ಒಂದೇ ಶಕ್ತಿಯ ಎರಡು ದೀಪಗಳಲ್ಲಿ 940ರದು ಡಿಜಿಟಲ್ ಸಾಧನಕ್ಕೆ ಎದ್ದು ಕಾಣುವಷ್ಟು ಮಂಕು, ಅಷ್ಟೇ ಕಡಿಮೆ ದೂರ. ಗ್ಯಾಲಿಯಂ ಆರ್ಸೆನೈಡ್ ಕೊಳವೆಯ ಕಥೆ ಇನ್ನೂ ಕಟುವಾದದ್ದು. ಅದರ ಸಂವೇದನೆ ಸುಮಾರು 900 ನ್ಯಾನೊಮೀಟರಿನ ಹತ್ತಿರ ಧರೆ ಕುಸಿದಂತೆ ಒಮ್ಮೆಲೇ ಬಿದ್ದುಹೋಗುತ್ತದೆ. ಕೊಳವೆಯ ಸಾಧನಗಳಿಗೆಂದು ಮಾಡಿದ ಲೇಸರುಗಳು ಬಹುತೇಕ 820ರಿಂದ 860ರ ನಡುವೆ ಇರುವುದಕ್ಕೆ ಇದೇ ಕಾರಣ.

ಪರಿಚಿತರೊಬ್ಬರು ವಿದೇಶದಿಂದ ತಂದಿದ್ದ ಹಳೆಯ ಕೊಳವೆಯ ದುರ್ಬೀನಿಗೆ ನಾನು ಬಹಳ ಹುಮ್ಮಸ್ಸಿನಿಂದ 940ರ ದೀಪ ತರಿಸಿಕೊಟ್ಟಿದ್ದೆ. ಹಚ್ಚಿದರೂ ಆರಿಸಿದರೂ ಚಿತ್ರದಲ್ಲಿ ವ್ಯತ್ಯಾಸವೇ ಇರಲಿಲ್ಲ. ದೀಪವೇ ಕೆಟ್ಟಿದೆ ಎಂದು ಮಾರಿದವರ ಜೊತೆ ವಾರಗಟ್ಟಲೆ ಜಗಳವಾಯಿತು. ಅದನ್ನೇ ಮೊಬೈಲಿನ ಮುಂಬದಿ ಕ್ಯಾಮೆರಾಗೆ ಹಿಡಿದಾಗ ನೇರಳೆ ಬಿಳುಪಾಗಿ ಉರಿಯುತ್ತಿತ್ತು. ಈ ಪರೀಕ್ಷೆಯನ್ನು ಯಾರು ಬೇಕಾದರೂ ಟಿವಿ ರಿಮೋಟಿನ ಮೇಲೆ ಮಾಡಿ ನೋಡಬಹುದು. ಬಹುತೇಕ ರಿಮೋಟುಗಳ ತುದಿಯಲ್ಲಿರುವುದು 940ರ ಎಲ್‌ಇಡಿಯೇ, ಗುಂಡಿ ಒತ್ತಿದಾಗ ಅದು ಮಿನುಗುವುದನ್ನು ಹಲವು ಮೊಬೈಲುಗಳ ಮುಂಬದಿ ಕ್ಯಾಮೆರಾಗಳು ತೋರಿಸುತ್ತವೆ. ದೀಪ ಸರಿಯಾಗಿತ್ತು, ಜೋಡಿ ತಪ್ಪಿತ್ತು.

ಮುಂದಿನದು ಎಲ್‌ಇಡಿಯೋ ಲೇಸರೋ ಎಂಬ ಆಯ್ಕೆ. ಅರೆವಾಹಕ ಲೇಸರ್ 1962ರಲ್ಲಿ ಹುಟ್ಟಿದಾಗ ಸೂಸಿದ್ದೇ ಅವಗೆಂಪು ಬೆಳಕನ್ನು. ಈ ಮಟ್ಟಿಗೆ ಎರಡೂ ಹಳೆಯ ನಂಟರು. ಎಲ್‌ಇಡಿಯ ಬೆಳಕು ಹುಟ್ಟುವಾಗಲೇ ಎಲ್ಲ ದಿಕ್ಕಿಗೂ ಹರಡುತ್ತದೆ, ಮಸೂರದಿಂದ ಅದನ್ನು ಒಂದು ಮಿತಿಯವರೆಗೆ ಮಾತ್ರ ಕೂಡಿಸಬಹುದು. ಲೇಸರಿನ ಮೂಲ ಕೂದಲೆಳೆಯಷ್ಟು ಸಣ್ಣದಾದ್ದರಿಂದ ಮಸೂರ ಅದನ್ನು ದೂರದವರೆಗೆ ಕಡ್ಡಿಯಂತೆ ನೇರವಾಗಿ ಕಳಿಸಬಲ್ಲದು. ಕಿರಣದ ಹರಡುವಿಕೆಯನ್ನು ಮಿಲಿರೇಡಿಯನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 1 ಮಿಲಿರೇಡಿಯನ್ ಎಂದರೆ 100 ಮೀಟರ್ ದೂರಕ್ಕೆ 10 ಸೆಂಟಿಮೀಟರ್ ಅಗಲವಾಗುವ ಕಿರಣ. ಗುರಿಸೂಚಕ ಲೇಸರುಗಳು ಇದಕ್ಕಿಂತಲೂ ಕಿರಿದು, ಅರ್ಧ ಮಿಲಿರೇಡಿಯನ್ನಿನ ಸುಮಾರಿಗೆ ಇರುತ್ತವೆ. ಅವು ಬೆಳಗುವುದಿಲ್ಲ, ಚುಕ್ಕೆ ಇಡುತ್ತವೆ. ಬೆಳಗುವ ಕೆಲಸಕ್ಕೆ ಬೇಕಾದ್ದು ಹರಡುವ ಕಿರಣ, ಅದನ್ನು ಎಲ್‌ಇಡಿಯೂ ಕೊಡಬಲ್ಲದು, ಮುಂದೆ ಮಸೂರ ಜೋಡಿಸಿದ ಲೇಸರ್ ದೀಪವೂ ಕೊಡಬಲ್ಲದು.

ಎಷ್ಟು ಹರಡಬೇಕೆಂಬುದನ್ನು ತೋಟವೇ ಹೇಳುತ್ತದೆ. ಅಡಿಕೆಯನ್ನು 9 ಅಡಿಗೆ 9 ಅಡಿ, ಅಂದರೆ 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಹತ್ತು ಮರದಾಚೆ ಎಂದರೆ 27 ಮೀಟರ್. ಅಲ್ಲಿಂದ ಮುಂದೆ ಕಾಂಡಗಳು ಒಂದರ ಹಿಂದೊಂದು ಬಂದು ನೋಟ ಮುಚ್ಚುತ್ತದೆ. 10 ಡಿಗ್ರಿಯ ಕಿರಣ 27 ಮೀಟರಿನಲ್ಲಿ ಬೆಳಗುವುದು ಬರೀ 4.7 ಮೀಟರ್ ಅಗಲ, ಎರಡು ಸಾಲಿಗಿಂತ ಕಡಿಮೆ. ಹಂದಿ ಮೂರನೇ ಸಾಲಿನಲ್ಲಿದ್ದರೆ ಕಾಣದು. 30 ಡಿಗ್ರಿಯ ಕಿರಣ ಅದೇ ದೂರದಲ್ಲಿ 14 ಮೀಟರಿಗೂ ಮಿಕ್ಕಿ, ಐದು ಸಾಲು ಬೆಳಗುತ್ತದೆ. ತೋಟದೊಳಗೆ ಲೇಸರಿನ ದೂರಶಕ್ತಿಗೆ ಕೆಲಸವೇ ಇಲ್ಲ. ಗದ್ದೆ ಬಯಲಿನ ಆಚೆ ಅಂಚಿನಲ್ಲಿ ಮೇಯುವ ಕಾಡುಕೋಣವನ್ನು ಈಚೆ ದಡದ ಮನೆಯಿಂದ ನೋಡಬೇಕೆಂದರೆ, ಅಥವಾ ಶರಾವತಿ ಹಿನ್ನೀರಿನ ಬಯಲಂತಹ ತೆರೆದ ಜಾಗವಾದರೆ, ಆಗ ಕಿರಿದಾದ ಕಿರಣ ಅರ್ಥವುಳ್ಳದ್ದು. ಹರಡುವ ಕಿರಣದ ಬೆಳಕು ದೂರ ಎರಡು ಪಟ್ಟಾದರೆ ನಾಲ್ಕನೇ ಒಂದಾಗುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದು. ಡಬ್ಬಿಯ ಮೇಲಿನ ದೂರವನ್ನು ಎರಡು ಪಟ್ಟು ಮಾಡಲು ನಾಲ್ಕು ಪಟ್ಟು ಶಕ್ತಿ ಬೇಕೆಂಬುದನ್ನು ನೆನಪಿಟ್ಟುಕೊಂಡರೆ ಅಂಗೈಯಗಲದ ದೀಪದ ದೊಡ್ಡ ದೊಡ್ಡ ಅಂಕಿಗಳ ಬೆಲೆ ತಿಳಿಯುತ್ತದೆ. ಲೇಸರ್ ದೀಪಕ್ಕೆ ಇನ್ನೊಂದು ಕಿರಿಕಿರಿಯೂ ಇದೆ. ಅದರ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಳುಕಾಳಾದ ಮಿಣುಕು ಕೂತು, ಮುಳ್ಳುಹಂದಿಯ ಮುಳ್ಳಿನಂತಹ ಸೂಕ್ಷ್ಮಗಳು ಕಲಸಿಹೋಗುತ್ತವೆ. ಎಲ್‌ಇಡಿಯ ಬೆಳಕಿನಲ್ಲಿ ಇದು ಇಲ್ಲ.

ಮಲೆನಾಡಿಗೇ ವಿಶೇಷವಾದ ಎರಡು ತೊಡಕುಗಳನ್ನು ಬಯಲುಸೀಮೆಯಲ್ಲೋ ಮರುಭೂಮಿಯಲ್ಲೋ ಪರೀಕ್ಷಿಸಿ ಬರೆದ ಕೈಪಿಡಿಗಳು ಹೇಳುವುದಿಲ್ಲ.

ಮೊದಲನೆಯದು ಎಲೆ. ಹಸಿರೆಲೆ ಕಣ್ಣಿಗೆ ಹಸಿರಾಗಿ ಕಂಡರೂ ಹಸಿರು ಬೆಳಕನ್ನು ಅದು ಹಿಂದಿರುಗಿಸುವುದು ಹತ್ತರಲ್ಲೊಂದು ಪಾಲಿನ ಸುಮಾರಿಗೆ ಮಾತ್ರ; ಈ ನೆರೆಯ ಅವಗೆಂಪನ್ನಾದರೆ ಹತ್ತಿರ ಹತ್ತಿರ ಅರ್ಧದಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಮೊದಲ ಬಾರಿ ಜಗುಲಿಯ ತುದಿಯಲ್ಲಿ ಕುಳಿತು ನಾನು ನೋಡಿದಾಗ ಇಡೀ ಪರದೆಯ ತುಂಬ ಕಂಡದ್ದು ಎರಡು ಮಾರು ದೂರದ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ಅದರ ಒಂದೊಂದು ಎಲೆಯೂ ಸುಣ್ಣ ಬಳಿದಂತೆ ಬೆಳ್ಳಗಿತ್ತು, ಹಿಂದೆ ಮಸಿ ಕತ್ತಲು. ಸಾಧನದ ಒಳಗಿನ ವ್ಯವಸ್ಥೆ ಇಡೀ ಚಿತ್ರದ ಬೆಳಕನ್ನು ಸರಾಸರಿ ಮಾಡಿ ತನ್ನ ಸಂವೇದನೆಯನ್ನು ತಾನೇ ಇಳಿಸಿಕೊಂಡಿತ್ತು. ಹತ್ತಿರದ ಎಲೆ ಪ್ರಜ್ವಲಿಸಿದಷ್ಟೂ ದೂರದ ಹಂದಿ ಕರಗುತ್ತದೆ. ದೀಪದ ಶಕ್ತಿ ಹೆಚ್ಚಿಸಿದರೆ ಎಲೆ ಇನ್ನೂ ಬೆಳಗುತ್ತದೆಯೇ ಹೊರತು ಪರಿಹಾರವಾಗದು. ಆದ್ದರಿಂದ ಶಕ್ತಿಯನ್ನು ಹಂತಹಂತವಾಗಿ ಇಳಿಸಬಲ್ಲ, ಕಿರಣದ ಅಗಲವನ್ನು ತಿರುಗಿಸಿ ಹೊಂದಿಸಬಲ್ಲ ದೀಪ ನಮಗೆ ಬೇಕು. ಗರಿಷ್ಠ ಶಕ್ತಿಗಿಂತ ಕನಿಷ್ಠ ಶಕ್ತಿ ಎಷ್ಟೆಂಬುದನ್ನೇ ನಾನು ಈಗ ಮೊದಲು ಕೇಳುವುದು.

ಎರಡನೆಯದು ಮಂಜು ಮತ್ತು ಮಳೆ. ಅವಗೆಂಪು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ಮಾತನ್ನು ಮಾರುವವರು ಧಾರಾಳವಾಗಿ ಹೇಳುತ್ತಾರೆ. ಮಂಜಿನ ಹನಿಯ ಅಗಲ ಸಾಮಾನ್ಯವಾಗಿ ಕೆಲವು ಮೈಕ್ರೊಮೀಟರಿನಿಂದ ಕೆಲವು ಹತ್ತು ಮೈಕ್ರೊಮೀಟರಿನವರೆಗೆ ಇರುತ್ತದೆ. 850 ನ್ಯಾನೊಮೀಟರ್ ಎಂದರೆ ಒಂದು ಮೈಕ್ರೊಮೀಟರಿಗೂ ಕಡಿಮೆ. ತನಗಿಂತ ಇಷ್ಟು ದೊಡ್ಡ ಹನಿಗಳ ಮುಂದೆ ಈ ಬೆಳಕಿಗೂ ಕಾಣುವ ಬೆಳಕಿಗೂ ಹೆಚ್ಚಿನ ಭೇದವಿಲ್ಲ, ಎರಡೂ ಚದುರುತ್ತವೆ. ಮಳೆಗಾಲದ ಸಂಜೆ ಆಗುಂಬೆ ಘಾಟಿ ಹತ್ತುವಾಗ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದುನಿಲ್ಲುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರಿಹಾರವೂ ಆ ರಸ್ತೆಯಲ್ಲೇ ಇದೆ. ಮಂಜಿನ ದೀಪವನ್ನು ಚಾಲಕನ ಕಣ್ಣಿನ ಸಾಲಿನಿಂದ ದೂರವಾಗಿ ಬಂಪರಿನ ಕೆಳಗೆ ಇಡುವ ಹಾಗೆ, ಅವಗೆಂಪು ದೀಪವನ್ನೂ ಮಸೂರದ ತಲೆಯ ಮೇಲೆ ಕೂರಿಸದೆ ಒಂದೆರಡು ಮಾರು ಪಕ್ಕಕ್ಕೆ, ಸಾಧ್ಯವಾದರೆ ಕೊಟ್ಟಿಗೆಯ ಕಂಬಕ್ಕೋ ಬೇಲಿಯ ಗೂಟಕ್ಕೋ ಪ್ರತ್ಯೇಕವಾಗಿ ಕಟ್ಟಿದರೆ, ಹನಿಗಳಿಂದ ನೇರ ಹಿಂದಿರುಗುವ ಬೆಳಕು ಮಸೂರಕ್ಕೆ ಬೀಳುವುದು ಬಹಳ ಕಡಿಮೆಯಾಗುತ್ತದೆ. ನಾನು ದೀಪವನ್ನು ಜಗುಲಿಯಿಂದ ಕೊಟ್ಟಿಗೆಯ ಮೂಲೆಗೆ ಸಾಗಿಸಿದ ರಾತ್ರಿಯೇ ಮೆಣಸಿನ ಬಳ್ಳಿಯ ಕಾಟವೂ ತಪ್ಪಿತು, ಏಕೆಂದರೆ ಬೆಳಕು ಈಗ ಬಳ್ಳಿಯ ಆಚೆಯಿಂದ ಶುರುವಾಗುತ್ತಿತ್ತು. ಸಾಧನದ ಜೊತೆ ಅಂಟಿಸಿಯೇ ಕೊಡುವ ದೀಪಕ್ಕಿಂತ ಬಿಡಿಯಾಗಿ ಬರುವ, ಕೇಬಲ್ಲಿನ ಅಥವಾ ದೂರದ ಸ್ವಿಚ್ಚಿನ ದೀಪವನ್ನು ನಾನು ಮೆಚ್ಚುವುದು ಇದಕ್ಕಾಗಿ. ದಟ್ಟ ಕಾವಳ ಕವಿದ ರಾತ್ರಿ ಮಾತ್ರ ಯಾವುದೂ ನಡೆಯದು. ಥರ್ಮಲ್ ಕ್ಯಾಮೆರಾದ ನೋಟವೂ ಆಗ ಕುಗ್ಗುತ್ತದೆ.

ಇನ್ನು ಕಣ್ಣಿನ ವಿಚಾರ. ಇದನ್ನು ಕೊನೆಯ ಪುಟದ ಸಣ್ಣಕ್ಷರಕ್ಕೆ ಬಿಡುವುದು ತಪ್ಪು. ಬೆಳಕು ಕಾಣದಿದ್ದರೆ ಅಪಾಯವೂ ಇಲ್ಲ ಎಂದುಕೊಳ್ಳುವುದು ಸಹಜ, ವಾಸ್ತವ ಅದರ ತಿರುಗುಮುರುಗು. 400ರಿಂದ 1,400 ನ್ಯಾನೊಮೀಟರಿನವರೆಗಿನ ಎಲ್ಲ ಬೆಳಕನ್ನೂ ಕಣ್ಣಿನ ಮಸೂರ ಅಕ್ಷಿಪಟಲದ ಮೇಲೆ ಕೂಡಿಸುತ್ತದೆ. ಲೇಸರಿನಂತಹ ಸಮಾಂತರ ಕಿರಣವಾದರೆ ಆ ಚುಕ್ಕೆಯಲ್ಲಿ ತೀವ್ರತೆ ಲಕ್ಷ ಪಟ್ಟಿನಷ್ಟು ಏರಬಹುದು. ಕಾಣುವ ಲೇಸರ್ ಬಿದ್ದಾಗ ನಾವು ಕಾಲು ಸೆಕೆಂಡಿನೊಳಗೆ ರೆಪ್ಪೆ ಮುಚ್ಚಿ ಮುಖ ತಿರುಗಿಸುತ್ತೇವೆ. ಅವಗೆಂಪಿಗೆ ರೆಪ್ಪೆ ಮುಚ್ಚುವುದಿಲ್ಲ, ಕತ್ತಲಿಗೆ ಅರಳಿದ ಪಾಪೆ ಕುಗ್ಗುವುದೂ ಇಲ್ಲ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲದ್ದರಿಂದ ಪೆಟ್ಟು ಬಿದ್ದದ್ದು ಬೆಳಗ್ಗೆ ನೋಟದ ನಡುವೆ ಕಪ್ಪು ಕಲೆಯಾಗಿ ತಿಳಿಯಬಹುದು. ಹಾಗೆ ಸುಟ್ಟ ಜಾಗ ಮರಳಿ ಸರಿಹೋಗುವ ಭರವಸೆ ಇಲ್ಲ.

ಐಇಸಿ 60825-1 ಎಂಬ ಅಂತರರಾಷ್ಟ್ರೀಯ ಮಾನದಂಡ ಲೇಸರುಗಳನ್ನು ಅಪಾಯದ ಮೇಲೆ ವರ್ಗ 1, 1ಎಂ, 1ಸಿ, 2, 2ಎಂ, 3ಆರ್, 3ಬಿ, 4 ಎಂದು ವಿಂಗಡಿಸುತ್ತದೆ. ಅಂಗಡಿಗಳ ಕೆಂಪು ಪಾಯಿಂಟರುಗಳಿಗೆ ಪರಿಚಿತವಾದ ವರ್ಗ 2 ನಿಂತಿರುವುದೇ ರೆಪ್ಪೆ ಮುಚ್ಚುವ ಆ ಕಾಲು ಸೆಕೆಂಡಿನ ಮೇಲೆ. ಆದ್ದರಿಂದ ಅವಗೆಂಪು ಲೇಸರಿನ ಮೇಲೆ 'ವರ್ಗ 2' ಎಂದು ಬರೆದಿದ್ದರೆ ಬರೆದವರಿಗೆ ವಿಷಯ ಗೊತ್ತಿಲ್ಲವೆಂದೇ ಅರ್ಥ, ಅಂತಹದನ್ನು ಅಲ್ಲೇ ಬಿಟ್ಟು ಬರಬೇಕು. 850 ನ್ಯಾನೊಮೀಟರಿನ ಕಿರಿದಾದ ನಿರಂತರ ಕಿರಣ ವರ್ಗ 1ರಲ್ಲಿ ಉಳಿಯಬೇಕಾದರೆ ಅದರ ಶಕ್ತಿ ಸುಮಾರು 0.78 ಮಿಲಿವ್ಯಾಟ್ ಮೀರುವಂತಿಲ್ಲ. ಅದರ ಐದು ಪಟ್ಟಿನವರೆಗೆ 3ಆರ್; ಅಲ್ಲಿಂದ 500 ಮಿಲಿವ್ಯಾಟಿನವರೆಗಿನ 3ಬಿ ಎಂದರೆ ನೇರ ಕಿರಣ ಕಣ್ಣಿಗೆ ಬಿದ್ದರೆ ಹಾನಿ ಎಂದೇ ಎಣಿಸಬೇಕಾದದ್ದು. ಸೈನ್ಯಕ್ಕೆಂದು ಮಾಡಿದ ಗುರಿಸೂಚಕಗಳಲ್ಲಿ ಕೂಡ ತರಬೇತಿಗೆ ಬೇರೆಯೇ ಕಡಿಮೆ ಶಕ್ತಿಯ ಹಂತವಿದ್ದು, ಹೆಚ್ಚಿನ ಶಕ್ತಿಗೆ ಹೋಗದಂತೆ ತಡೆಯುವ ತಿರುಪನ್ನು ಕೆಲವು ಮಾದರಿಗಳಲ್ಲಿ ಇಟ್ಟಿರುತ್ತಾರೆ. ವರ್ಗ 1ಎಂ ಬರಿಗಣ್ಣಿಗೆ ನಿರಪಾಯವೆನಿಸಿದರೂ ಎದುರಿನವರ ಕೈಯಲ್ಲಿ ಸಾದಾ ದುರ್ಬೀನು ಇದ್ದರೆ ಅದು ಕಿರಣವನ್ನು ಕೂಡಿಸಿ ಕಣ್ಣಿಗೆ ಕಳಿಸುತ್ತದೆ. ಮಂಗ ಓಡಿಸಲೆಂದು ತೋಟಗಳಿಗೆ ಬಂದಿರುವ ಅಗ್ಗದ ಹಸಿರು ಲೇಸರುಗಳಿಗೂ ಕಾಣದ ಬೆಳಕಿನ ಈ ಎಚ್ಚರಿಕೆ ಅನ್ವಯಿಸುತ್ತದೆ. ಅವುಗಳಲ್ಲಿ ಹಲವು 808 ನ್ಯಾನೊಮೀಟರಿನ ಅವಗೆಂಪಿನಿಂದ 1,064ರದನ್ನು ಹುಟ್ಟಿಸಿ, ಅದರಿಂದ 532ರ ಹಸಿರನ್ನು ಪಡೆಯುತ್ತವೆ. ಒಳಗೆ ಸರಿಯಾದ ಶೋಧಕ ಇಲ್ಲದಿದ್ದರೆ ಹಸಿರಿನ ಜೊತೆ ಕಾಣದ ಬೆಳಕೂ ಹೊರಬರುತ್ತದೆ.

ಎಲ್‌ಇಡಿಯ ಬೆಳಕು ದೊಡ್ಡ ಮೂಲದಿಂದ ಹೊರಟು ಹರಡುವುದರಿಂದ ಕೆಲವು ವ್ಯಾಟ್ ಶಕ್ತಿಯಿದ್ದರೂ ಅಂತರ ಕಾಯ್ದುಕೊಂಡರೆ ಇಷ್ಟು ಭಯವಿಲ್ಲ, ಆದರೆ ಅದನ್ನೂ ಗೇಣುದೂರದಿಂದ ದಿಟ್ಟಿಸಬಾರದು, ಮಕ್ಕಳ ಕೈಗೆ ಕೊಡಬಾರದು. ತೋಟದಲ್ಲಿ ರಾತ್ರಿ ನೀರು ತಿರುಗಿಸಲು ಹೋದವರು, ಪಕ್ಕದ ಮನೆಯ ಭಾವ, ಅಡ್ಡ ಬರುವ ದನ, ಇವರೆಲ್ಲರ ಕಣ್ಣೂ ಕಿರಣದ ದಾರಿಯಲ್ಲಿವೆ. ಚಿರತೆ, ಪುನುಗು ಬೆಕ್ಕು, ದನ ಮುಂತಾದವುಗಳ ಅಕ್ಷಿಪಟಲದ ಹಿಂದೆ ಬೆಳಕನ್ನು ಮರಳಿಸುವ ಪದರವಿರುವುದರಿಂದಲೇ ಅವುಗಳ ಕಣ್ಣು ಪರದೆಯ ಮೇಲೆ ದೀಪದಂತೆ ಹೊಳೆಯುತ್ತದೆ. ಹೊಳೆದ ಕೂಡಲೇ ಲೇಸರ್ ಚುಕ್ಕೆಯನ್ನು ಅಲ್ಲಿಗೇ ಒಯ್ಯುವ ಚಪಲ ಬೇಡ.

ಹಾಗಾದರೆ ಚುಕ್ಕೆ ಇಡುವ ಲೇಸರಿಗೆ ನಮ್ಮಲ್ಲಿ ಏನಾದರೂ ಕೆಲಸವಿದೆಯೇ? ಒಂದೇ ಒಂದನ್ನು ನಾನು ಕಂಡಿದ್ದೇನೆ. ಇಬ್ಬರು ಒಟ್ಟಿಗೆ ನೋಡುತ್ತಿರುವಾಗ 'ಆ ಹಲಸಿನ ಮರದ ಎರಡನೇ ಕವಲು, ಎಡಕ್ಕೆ, ಅಲ್ಲ, ಇನ್ನೂ ಮೇಲೆ' ಎಂದು ಪಿಸುಗುಡುವುದರೊಳಗೆ ಕಾಡುಪಾಪ ಸರಿದು ಹೋಗಿರುತ್ತದೆ. ವರ್ಗ 1ರ ಕಿರುಲೇಸರಿನಿಂದ ಪ್ರಾಣಿಯ ಮೈಗಲ್ಲ, ಅದು ಕೂತ ಕೊಂಬೆಯ ಬುಡಕ್ಕೆ ಚುಕ್ಕೆ ತೋರಿಸಿದರೆ ಜೊತೆಗಾರರಿಗೆ ತಕ್ಷಣ ಸಿಗುತ್ತದೆ. ಕೋವಿಗೆ ಕಟ್ಟುವ ಗುರಿಸೂಚಕದ ಮಾತು ಬೇರೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರುವ ಬೆಳೆರಕ್ಷಣೆಯ ಕೋವಿ ನಮ್ಮ ಎಷ್ಟೋ ಮನೆಗಳಲ್ಲಿದೆ, ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳಿಗೆ ಬೀಳಿಸುವುದು, ಅಟ್ಟುವುದು, ಇವುಗಳಿಗೆ ಯತ್ನಿಸುವುದೂ ಬೇಟೆಯೇ. ಕೋವಿ, ನೈಟ್ ವಿಷನ್, ಲೇಸರ್ ಮೂರನ್ನೂ ಹೊತ್ತು ಕಾಡಂಚಿನಲ್ಲಿ ನಡುರಾತ್ರಿ ಸಿಕ್ಕವರು ತಾವು ಷಿಕಾರಿಗೆ ಬಂದಿಲ್ಲವೆಂದು ಅರಣ್ಯ ಇಲಾಖೆಯವರನ್ನು ನಂಬಿಸುವುದು ಸುಲಭವಲ್ಲ. ಅಂತಹ ಸಾಧನದ ಆಯ್ಕೆಗೆ ಈ ಲೇಖನದಲ್ಲಿ ಸಲಹೆ ಇಲ್ಲ. ಬರಿಗೈಯಲ್ಲಿ ನೋಡಲು ಹೋಗುವವರಿಗೂ ಮೀಸಲು ಅರಣ್ಯ ಮತ್ತು ಅಭಯಾರಣ್ಯದೊಳಗೆ ರಾತ್ರಿ ಕಾಲಿಡಲು ಇಲಾಖೆಯ ಅನುಮತಿ ಬೇಕು.

ಉಳಿದ ವಿವರಗಳು ಚಿಕ್ಕವು. ಸುಲಭವಾಗಿ ಸಿಗುವ 18650 ಲಿಥಿಯಂ ಸೆಲ್, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ್ದು, ಹಾಕುವ ದೀಪವಾದರೆ ಮುಂದೆ ಬದಲಿ ಸೆಲ್ಲಿಗೆ ಪರದಾಡಬೇಕಿಲ್ಲ. ನೀರಿನ ವಿಷಯದಲ್ಲಿ ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆಂದು ಅರ್ಥ. ಆದರೆ ನಮ್ಮ ಮಳೆಗಾಲದಲ್ಲಿ ದೀಪವನ್ನು ಕೆಡಿಸುವುದು ಮುಳುಗುವ ನೀರಿಗಿಂತ ತಿಂಗಳುಗಟ್ಟಲೆ ಆರದ ತೇವ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸೆಲ್ ಹೊರತೆಗೆದು, ದೀಪ ಮತ್ತು ದುರ್ಬೀನನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳೊಡನೆ ಇಡುತ್ತೇನೆ. ಜೆಲ್ಲಿನ ಬಣ್ಣ ತಿರುಗಿದಾಗ ಅದನ್ನು ತೆಗೆದು ಒಣಗಿಸಿಯೋ ಬದಲಿಸಿಯೋ ಮತ್ತೆ ಇಡುವುದು. ಒಂದು ವರ್ಷ ಮರೆತದ್ದಕ್ಕೆ ಮಸೂರದ ಒಳಮೈಯಲ್ಲಿ ಜೇಡರ ಬಲೆಯಂತೆ ಬೂಷ್ಟು ಹಿಡಿದು, ಆ ಕಲೆ ಇಂದಿಗೂ ಪರದೆಯ ಬಲ ಮೂಲೆಯಲ್ಲಿ ಕಾಣುತ್ತದೆ.